ಅಬ್ಬೆ ದುಬ್ವಾ ಅವರ ಜೀವನ ಸಮರ್ಪಣ

ದೇವರಿಗೆ ಧನವನ್ನು ಅರ್ಪಿಸುವವರು ಲೋಕದಲ್ಲಿ ಬಹುಮಂದಿ ಉಂಟು. ಮನವನ್ನು ಅರ್ಪಿಸುವವರು ಅವರಿಗಿಂತ ಕಡಮೆ. ತನುಮನಧನಗಳೆಲ್ಲವನ್ನೂ ಒಮ್ಮೆಗೇ ಒಪ್ಪಿಸಿ, ತನಗೆಂದು ಏನನ್ನೂ ಉಳಿಸಿಕೊಳ್ಳದೆ, ಒಪ್ಪಿಸಿದುದಕ್ಕೆ ಫಲವೇನು ಬಂದಿತೆಂದು ಕೇಳದೆ ಬಾಳುವವರು ಅತಿ ವಿರಳರು. ಇಂತಹ ಸಮರ್ಪಣವು ಒಂದು ಮತಕ್ಕೆ ಮಾತ್ರ ಸೇರಿದ ಸ್ವತ್ತಲ್ಲ. ತ್ರಿವಿಧ ದಾಸೋಹದ ಮರ್ಮವನ್ನು ಗುರುಮುಖದಿಂದ ತಿಳಿದ ಸದ್ಭಕ್ತರು ಅನ್ಯಮತದ ಮಹನೀಯರಲ್ಲಿ ಅದನ್ನು ಕಂಡಾಗ ಸುಲಭವಾಗಿ ಗುರುತಿಸಬಲ್ಲರು. ಕನ್ನಡ ನಾಡಿನಲ್ಲಿ ಇಪ್ಪತ್ತಮೂರಕ್ಕೂ ಹೆಚ್ಚು ವರ್ಷಗಳನ್ನು ಕಳೆದು, ಜನರಿಂದ ದೊಡ್ಡ ಸ್ವಾಮಿಯವರೆಂದು ಕರೆಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಚರಿತ್ರೆಯು ಈ ದೃಷ್ಟಿಯಿಂದ ಅರಿತುಕೊಳ್ಳತಕ್ಕದ್ದಾಗಿದೆ.

ಇವರ ಪೂರ್ಣನಾಮಧೇಯವು ಜಾನ್ ಆಂಟ್ವಾನ್ ದುಬ್ವಾ. ಅಬ್ಬೆ ಎಂಬುದು ಫ್ರೆಂಚರು ತಮ್ಮ ಪುರೋಹಿತರನ್ನು ಗೌರವದಿಂದ ಕರೆಯುವ ಪದವು. ತಂದೆ ಎಂಬರ್ಥದ ಪುರಾತನ ಶಬ್ದದಿಂದ ಅದು ಹುಟ್ಟಿದೆ. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಎರಡಕ್ಕೂ ಸಂಬಂಧವೇನೂ ಇಲ್ಲದಿದ್ದರೂ, ತಂದೆಯ ಬಿರುದನ್ನು ಹೊತ್ತು ಬಂದವರು ತಾಯಿಯ ಕೆಲಸವನ್ನು ಮಾಡಿದರೆಂಬುದು ಅವರ ಚರಿತ್ರೆಯನ್ನು ಓದಿದವರಿಗೆ ತೋರದೆ ಇರದು.

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ಆರ್ದೆಷ್ ಎಂಬ ಬೆಟ್ಟಗಾಡಿನ ಸೀಮೆಯ ಸೇಂಟ್ ರೆಮೆಜ್ ಎಂಬ ಗ್ರಾಮದಲ್ಲಿ, ಹದಿನೆಂಟನೆಯ ಶತಮಾನದ ಏಳನೆಯ ದಶಕದ ನಡುವೆ ಇವರು ಹುಟ್ಟಿದರು. ದೇವಜ್ಞಾನವನ್ನು ಅಭ್ಯಸಿಸಿ 1792ರಲ್ಲಿ ವಿವ್ಯೇ ಎಂಬ ಧರ್ಮಪ್ರಾಂತದಲ್ಲಿ ಪುರೋಹಿತದೀಕ್ಷೆಯನ್ನು ಪಡೆದರು. ಆ ಕಾಲವು ಫ್ರಾನ್ಸಿನಲ್ಲಿ ಶಾಂತಿಯ ಕಾಲವಾಗಿರಲಿಲ್ಲ. 1789ರಲ್ಲಿ ಆರಂಭವಾದ ಮಹಾಕ್ರಾಂತಿಯು ಅರಸುತನವನ್ನು ಅಲುಗಿಸಿದುದಲ್ಲದೆ ಧರ್ಮಪೀಠವನ್ನೂ ಅಲುಗಿಸಿತ್ತು. ಪುರೋಹಿತರೆಲ್ಲರೂ ರಾಜ್ಯಕ್ಕೆ ಪ್ರಮಾಣವಚನವನ್ನು ಕೊಡಬೇಕೆಂಬ ಶಾಸನವಾಯಿತು, ಕೊಡದವರು ಸ್ಥಾನಭ್ರಷ್ಟರಾದರು, 1792ರ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ಯಾರಿಸ್ ನಗರದ ಸೆರೆಮನೆಗಳಲ್ಲಿ ಅನೇಕ ಪುರೋಹಿತರ ಕೊಲೆಯಾಯಿತು. ದುಬ್ವಾ ಅವರು ದೀಕ್ಷೆ ಪಡೆದ ಆ ವರ್ಷದಲ್ಲಿಯೇ ಸ್ವದೇಶವನ್ನು ಬಿಟ್ಟು ಹಡಗನ್ನೇರಿದರು. ಆಗ ಅವರ ಪ್ರಾಯವು ಇಪ್ಪತ್ತಾರು ಇಪ್ಪತ್ತೇಳು.

ಪ್ರಾಣಭಯದಿಂದ ಓಡಿಬಂದವರೆಂದು ಇವರನ್ನು ಹಗುರವಾಗಿ ಎಣಿಸಬಾರದು. ಪ್ರಾಣವನ್ನು ಉಳಿಸಿಕೊಳ್ಳುವುದೇ ಗುರಿಯಾಗಿದ್ದರೆ ನೆರೆಯ ರಾಜ್ಯಗಳು ಹತ್ತಿರದಲ್ಲಿಯೇ ಇದ್ದವು. ಆರು ತಿಂಗಳ ಕಡಲ ಪಯಣವನ್ನು ಮಾಡಿ, ಭಾಷೆ ತಿಳಿಯದ, ಹವೆ ಒಗ್ಗದ ದೇಶಕ್ಕೆ ಬರಬೇಕಾಗಿರಲಿಲ್ಲ. ಇವರು ಸೇರಿದುದು ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಘ. ಆ ಸಂಘದ ಪುರೋಹಿತರು ಪೂರ್ವದೇಶಗಳಿಗೆ ಹೊರಟರೆಂದರೆ ಮರಳುವ ಎಣಿಕೆಯನ್ನು ಬಿಟ್ಟೇ ಹೊರಡುತ್ತಿದ್ದರು. ಕ್ರಿಸ್ತನು ಮಾನವರ ಮೇಲಣ ಪ್ರೇಮದಿಂದ ತನ್ನ ಪ್ರಾಣವನ್ನು ಶಿಲುಬೆಯ ಮೇಲೆ ಅರ್ಪಿಸಿದನೆಂಬುದು ಕ್ರೈಸ್ತಧರ್ಮದ ಮೂಲ ನಂಬುಗೆ. ಆ ಪ್ರೇಮಕ್ಕೆ ಭಕ್ತನು ಸಲ್ಲಿಸಬಹುದಾದ ಕಾಣಿಕೆ ಒಂದೇ. ಅದು ತನ್ನ ಬಾಳು. ವಿವಾಹ, ಮನೆ, ಆಸ್ತಿ, ಹುಟ್ಟೂರು ಎಂಬ ನಾಲ್ಕನ್ನೂ ತೊರೆಯುವುದು ಆ ಕಾಣಿಕೆಯ ಬಾಹ್ಯರೂಪವಾಗಿತ್ತು.

ದುಬ್ವಾ ಅವರು ಮೊದಲು ಪುದುಚ್ಚೇರಿಯ ಧರ್ಮಕೇಂದ್ರಕ್ಕೆ ಸೇರಿ ತಮಿಳು ಸೀಮೆಯಲ್ಲಿ ಕೆಲಸ ಮಾಡಿದರು. ದಕ್ಷಿಣ ದೇಶದಲ್ಲಿ ಕ್ರೈಸ್ತ ಪಾದ್ರಿಗಳು ನಡೆದ ಎರಡು ದಾರಿಗಳು ಆಗ ಅವರ ಕಣ್ಣೆದುರಿಗಿದ್ದವು. ಒಂದು, ಪರಂಗಿಯವರಾಗಿಯೇ ಉಳಿದು ಉಪದೇಶ ಮಾಡುವುದು. ಮತ್ತೊಂದು, ಹದಿನೇಳನೆಯ ಶತಮಾನದ ಆರಂಭದಲ್ಲಿ ಮಧುರೆಗೆ ಬಂದ ರಾಬರ್ಟ್ ದಿ ನೊಬಿಲಿ ಎಂಬ ಯೇಸುಸಂಘದ ಪಾದ್ರಿಯು ತೋರಿಸಿದ ಮಾರ್ಗ. ಎಂದರೆ ಈ ನೆಲದ ಸಂನ್ಯಾಸಿಗಳಂತೆ ಉಟ್ಟು, ಉಂಡು, ಇಲ್ಲಿನ ಭಾಷೆಯನ್ನು ನುಡಿದು ಬಾಳುವುದು. ಈ ಎರಡನೆಯ ಮಾರ್ಗದ ಆಚಾರಗಳನ್ನು ರೋಮಾಪುರಿಯ ಪೋಪರು 1744ರಲ್ಲಿ ಬಹುಮಟ್ಟಿಗೆ ನಿಷೇಧಿಸಿದ್ದರು. 1773ರಲ್ಲಿ ಯೇಸುಸಂಘವೇ ವಿಸರ್ಜಿತವಾಗಿತ್ತು. ಆದರೂ ದುಬ್ವಾ ಅವರು ತಮ್ಮ ಧರ್ಮಾಜ್ಞೆಗೆ ಒಳಪಟ್ಟಿದ್ದುಕೊಂಡೇ ದೇಶೀಯ ಉಡುಪನ್ನು ಧರಿಸಿದರು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಒಂದು ದಂಡ. ಚಿತ್ರಕಾರನಾದ ಥಾಮಸ್ ಹಿಕಿ ಎಂಬಾತನು ಬರೆದ ಪಟದಲ್ಲಿ ಇಂದಿಗೂ ಅವರು ಇದೇ ವೇಷದಲ್ಲಿ ಕಾಣುತ್ತಾರೆ. ಊಟದಲ್ಲಿಯೂ ನಡೆನುಡಿಯಲ್ಲಿಯೂ ಜನರಿಗೆ ಹೇಸಿಕೆಯಾಗತಕ್ಕ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. ಇದು ಜನರನ್ನು ಒಲಿಸಿಕೊಳ್ಳುವ ಉಪಾಯವೆಂದು ಶಂಕಿಸುವವರು ಉಂಟು. ಉಪಾಯವೇ ಆಗಿದ್ದರೆ ಒಂದೆರಡು ವರ್ಷ ನಡೆದು ಕಳಚಿ ಬೀಳುತ್ತಿತ್ತು. ಮೂವತ್ತು ವರ್ಷ ಹೊತ್ತದ್ದನ್ನು ವೇಷವೆನ್ನಲಾಗದು, ಬಾಳುವೆಯೆನ್ನಬೇಕು.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಕೆನರಾ ಸೀಮೆಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ 1784ರಲ್ಲಿ ಅವರನ್ನು ಸೆರೆಹಿಡಿದು ಪಟ್ಟಣಕ್ಕೆ ಸಾಗಿಸಲಾಗಿತ್ತು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡಿದ್ದರು. ಗುರುವಿಲ್ಲದೆ, ಗುಡಿಯಿಲ್ಲದೆ, ಹಿಂದಿನ ಕುಲದವರಿಗೂ ಈಗಿನವರಿಗೂ ಬೇಡವಾಗಿ ನಿಂತಿದ್ದ ಈ ಜನರನ್ನು ಮರಳಿ ಒಂದುಗೂಡಿಸಬೇಕಾಗಿತ್ತು. ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ದುಬ್ವಾ ಅವರಿಗೆ ಕರೆ ಬಂದಿತು. ಅವರು ಮೈಸೂರು ಸೀಮೆಗೆ ಬಂದು ಶ್ರೀರಂಗಪಟ್ಟಣ, ಗಂಜಾಂ, ಪಾಲಹಳ್ಳಿಗಳ ಕಡೆಯಿಂದ ಕೆಲಸವನ್ನು ಆರಂಭಿಸಿ ಊರಿಂದೂರಿಗೆ ನಡೆದರು.

ಬಂದ ಕೆಲವೇ ಕಾಲದಲ್ಲಿ ಅವರಿಗೆ ಒಂದು ಸತ್ಯವು ಗೋಚರವಾಯಿತು. ಮತವನ್ನು ಬದಲಿಸಿದವನು ದೇವರನ್ನು ಮಾತ್ರ ಬದಲಿಸಿದವನಾಗುತ್ತಿರಲಿಲ್ಲ; ಬಂಧುಗಳನ್ನೂ ಭೂಮಿಯನ್ನೂ ಬಾವಿಯ ನೀರನ್ನೂ ಕಳೆದುಕೊಳ್ಳುತ್ತಿದ್ದನು. ಹಸಿದವನಿಗೆ ಉಪದೇಶವು ಅನ್ನವಾಗದು. ಆದಕಾರಣ ದುಬ್ವಾ ಅವರು ಇಂತಹ ನಿರ್ಗತಿಕ ಕುಟುಂಬಗಳಿಗೆ ನೆಲವನ್ನು ಒದಗಿಸಿ ಬೇಸಾಯದ ಊರುಗಳನ್ನು ಕಟ್ಟಿಸತೊಡಗಿದರು. ಹಾಸನದ ಸಮೀಪದ ಸಾತಳ್ಳಿಯು ಅವುಗಳಲ್ಲಿ ಮುಖ್ಯವಾದುದು. ಬೇಡಿ ಬದುಕುವವನ ಭಕ್ತಿಗಿಂತ ದುಡಿದು ಬದುಕುವವನ ಭಕ್ತಿಯು ನೆಲೆ ನಿಲ್ಲುವುದೆಂಬುದು ಕಾಯಕವನ್ನು ಬಲ್ಲವರಿಗೆ ಹೊಸ ಮಾತಲ್ಲ. ಕಡಲಾಚೆಯಿಂದ ಬಂದವರೊಬ್ಬರು ಅದನ್ನು ಹಾಸನದ ಹೊಲಗಳಲ್ಲಿ ತಾವಾಗಿಯೇ ಕಂಡುಕೊಂಡರೆಂಬುದು ಗಮನಾರ್ಹವಾದುದು.

ಇವರು ಮಾಡಿದ ಮತ್ತೊಂದು ಸೇವೆಯು ಮತಭೇದವನ್ನು ಮೀರಿದುದು. ಸಿಡುಬಿನ ಬೇನೆಯು ಆ ಕಾಲದಲ್ಲಿ ಹಳ್ಳಿಹಳ್ಳಿಗಳನ್ನೇ ಬರಿದು ಮಾಡುತ್ತಿತ್ತು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ಗೋವಿನ ಸಿಡುಬಿನ ರಸವನ್ನು ಮನುಷ್ಯನ ತೋಳಿಗೆ ಚುಚ್ಚಿದರೆ ಈ ಬೇನೆಯು ತಟ್ಟದೆಂದು 1796ರಲ್ಲಿ ಪ್ರಯೋಗ ಮಾಡಿ 1798ರಲ್ಲಿ ಪ್ರಕಟಿಸಿದನು. ಆ ರಸವು 1802ರಲ್ಲಿ ಮುಂಬಯಿಗೆ ಬಂದಿತು. ಅದನ್ನು ಕೂಡಿಡುವ ಸಾಧನವು ಆಗ ಸರಿಯಾಗಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟು ದಿನಗಳಲ್ಲಿ ಮತ್ತೊಂದು ಮಗುವಿನ ತೋಳಿಗೆ ದಾಟಿಸಬೇಕು. ಸರಪಣಿಯು ಎಲ್ಲಿ ತುಂಡಾದರೂ ಅಲ್ಲಿಗೆ ಔಷಧವು ಮುಗಿಯಿತು. ಹೀಗಿರಲು, ಅಮ್ಮನ ಮುನಿಸಿಗೆ ಹೆದರುವ ತಾಯಂದಿರು ಕೂಸಿನ ತೋಳನ್ನು ಪರದೇಶದ ಚೂರಿಗೆ ಒಡ್ಡುವುದು ಸಣ್ಣ ಮಾತಲ್ಲ. ದುಬ್ವಾ ಅವರು ಊರೂರು ತಿರುಗಿ ಜನರಿಗೆ ತಿಳಿಯಹೇಳಿದರು. 1803-04ರ ಅವಧಿಯಲ್ಲಿ ಇವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ದೇವಿ ಹಾಕಲಾಯಿತೆಂದು ಲೆಕ್ಕ ಉಂಟು. ಅದೇ ಜನರೊಡನೆ ಅದೇ ಉಡುಪಿನಲ್ಲಿ ಬಾಳಿದವರ ಮಾತಿಗೆ ತಾಯಂದಿರು ಕಿವಿಗೊಟ್ಟರು. ಇಷ್ಟು ತೋಳುಗಳಲ್ಲಿ ಕ್ರೈಸ್ತರದು ಯಾವುದು, ಅನ್ಯರದು ಯಾವುದು ಎಂದು ವಿಂಗಡಿಸುವ ಗೋಜಿಗೆ ರೋಗವೂ ಹೋಗಲಿಲ್ಲ, ದುಬ್ವಾ ಅವರೂ ಹೋಗಲಿಲ್ಲ.

1809ರ ಸುಮಾರಿಗೆ ಇಂಗ್ಲಿಷರ ಸೈನ್ಯವು ಜ್ವರಪೀಡಿತವಾದ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲಸಿತು. ಪೇಟೆಯ ಪೂರ್ವಕ್ಕೆ, ಸೋಮೇಶ್ವರ ಸ್ವಾಮಿಯ ಪುರಾತನ ದೇವಾಲಯವುಳ್ಳ ಹಲಸೂರಿನ ಕಡೆಗೆ ದಂಡುಪ್ರದೇಶವು ಹಬ್ಬಿತು. ಸಿಪಾಯಿಗಳ ಬೆನ್ನಿಗೆ ಅಡಿಗೆಯವರು, ಅಗಸರು, ಕುದುರೆ ಕಾಯುವವರು, ಗಾರೆಯವರು, ಕೂಲಿಯವರು ತಮಿಳು ಸೀಮೆಯಿಂದ ಬಂದು ಸೇರಿದರು. ಅವರಲ್ಲಿ ಕ್ರೈಸ್ತರು ಅನೇಕರು, ಬಡವರೇ ಬಹಳ. ಇಂದು ಶಿವಾಜಿನಗರವೆನಿಸಿಕೊಂಡು ಆಗ ಬ್ಲಾಕ್‌ಪಳ್ಳಿಯೆಂದು ಕರೆಯಲ್ಪಡುತ್ತಿದ್ದ ಸ್ಥಳದಲ್ಲಿ ಇವರ ಉಪಯೋಗಕ್ಕಾಗಿ ದುಬ್ವಾ ಅವರು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಒಂದು ಚಿಕ್ಕ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. ಅದಕ್ಕೆ ಕಾಣಿಕೆ ಮಾತೆಯ ದೇವಾಲಯವೆಂದು ಹೆಸರಾಯಿತು. ಏಸುವಿನ ತಾಯಿ ಮರಿಯಮ್ಮನು ತನ್ನ ಕೂಸನ್ನು ದೇವಾಲಯಕ್ಕೆ ಒಯ್ದು ದೇವರಿಗೆ ಕಾಣಿಕೆಯಾಗಿ ಒಪ್ಪಿಸಿದಳೆಂಬ ಕಥೆಯು ಕ್ರೈಸ್ತರಲ್ಲಿ ಪ್ರಸಿದ್ಧವಾಗಿದೆ. ತನ್ನದೆಲ್ಲವನ್ನೂ ಒಪ್ಪಿಸಿ ಬಂದವರು ಕಟ್ಟಿಸಿದ ಗುಡಿಗೆ ಇದಕ್ಕಿಂತ ಒಪ್ಪುವ ಹೆಸರು ದೊರಕಲಾರದು.

ಈ ನಡುವೆ ದುಬ್ವಾ ಅವರು ತಾವು ಕಂಡ ಜನರ ಆಚಾರ ವ್ಯವಹಾರಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದಿದ್ದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಶಿಫಾರಸಿನ ಮೇಲೆ ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕನು 1807ರಲ್ಲಿ ಅದರ ಹಸ್ತಪ್ರತಿಯನ್ನು ಕಂಪೆನಿಯ ಪರವಾಗಿ 2,000 ನಕ್ಷತ್ರ ವರಹಗಳಿಗೆ ಕೊಂಡನು. ಅದರ ಇಂಗ್ಲಿಷ್ ಭಾಷಾಂತರವು 1816ರಲ್ಲಿ ಲಂಡನ್ನಿನಲ್ಲಿಯೂ, ಪರಿಷ್ಕೃತ ಫ್ರೆಂಚ್ ಮೂಲವು 1825ರಲ್ಲಿ ಪ್ಯಾರಿಸ್ಸಿನಲ್ಲಿಯೂ ಅಚ್ಚಾದವು. ನಮ್ಮ ಮತದ ವಿಷಯವೂ ಅದರಲ್ಲಿ ಬಂದಿದೆ. ಲಿಂಗಧಾರಿಗಳು ಮಾಂಸವನ್ನು ಮುಟ್ಟುವುದಿಲ್ಲವೆಂದೂ, ಶವವನ್ನು ಸುಡದೆ ಹೂಳುವರೆಂದೂ, ಲಿಂಗವನ್ನು ಧರಿಸಿದ ಬಳಿಕ ಅಂತ್ಯಜನೂ ಬ್ರಾಹ್ಮಣನಿಗಿಂತ ಕೀಳಲ್ಲವೆಂದು ಅವರು ನಂಬುವರೆಂದೂ ದುಬ್ವಾ ಅವರು ಗುರುತಿಸಿದರು. ಶರಣರ ಸಮತಾತತ್ತ್ವವನ್ನು ಯೂರೋಪಿನ ಓದುಗರಿಗೆ ತಿಳಿಸಿದ ಮೊದಮೊದಲ ಗ್ರಂಥಗಳಲ್ಲಿ ಇದೂ ಒಂದು.

ಆದರೆ ಗುಣವನ್ನು ಹೇಳುವಾಗ ದೋಷವನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ಆ ಗ್ರಂಥದಲ್ಲಿ ಈ ದೇಶದ ಅನೇಕ ಆಚಾರಗಳ ಮೇಲೆ ಕಟುವಾದ ನಿಂದೆ ಉಂಟು. ಲಿಂಗವಂತರಲ್ಲಿ ಕುಲಭೇದವಿಲ್ಲವೆಂದು ಬರೆದ ಲೇಖನಿಯೇ ಬೇರೊಂದು ಕಡೆ ಜಾತಿಕಟ್ಟನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಕೃತಿಯೆಂಬಂತೆ ಹೊಗಳಿದೆ. ತಮ್ಮಲ್ಲಿಗೆ ಬಂದ ಹೊಲೆಯರನ್ನೂ ತಿರುಕರನ್ನೂ ಅಪ್ಪಿಕೊಂಡವರು ಅವರನ್ನು ಹೊರಗಿಟ್ಟ ಕಟ್ಟನ್ನೇ ಕೊಂಡಾಡಿದರೆಂಬುದು ವಿಷಾದಕರವಾದುದು. ಇನ್ನೊಂದು ದೋಷವು ಬಹುಕಾಲ ಮರೆಯಾಗಿತ್ತು. ಪುದುಚ್ಚೇರಿಯಲ್ಲಿದ್ದು 1779ರಲ್ಲಿ ಕಾಲವಾದ ಗಾಸ್ತೋ ಕೂರ್ದು ಎಂಬ ಯೇಸುಸಂಘದ ವಿದ್ವಾಂಸ ಪಾದ್ರಿಯ ಅಪ್ರಕಟಿತ ಬರೆಹದಿಂದ ದುಬ್ವಾ ಅವರ ಗ್ರಂಥದ ಬಹುಭಾಗವು ಬಂದಿದೆಯೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸಾಧಿಸಿ ತೋರಿಸಿದಳು. ಮೂಲಕರ್ತನ ಹೆಸರನ್ನು ದುಬ್ವಾ ಅವರು ಹೇಳಲಿಲ್ಲ. ಮನೆಯನ್ನೂ ದೇಶವನ್ನೂ ತೊರೆದವನಿಗೂ ಗ್ರಂಥಕರ್ತನೆಂಬ ಕೀರ್ತಿಯನ್ನು ತೊರೆಯುವುದು ಕಷ್ಟವಾಯಿತೆಂದು ಇದರಿಂದ ತಿಳಿಯಬೇಕು. ಸಮರ್ಪಣವು ಒಂದು ದಿನದ ವಿಧಿಯಾಗಿ ಮುಗಿಯುವುದಿಲ್ಲ. ಒಪ್ಪಿಸಿದೆನೆಂದುಕೊಂಡ ಮೇಲೂ ಒಳಗೆ ಉಳಿದಿರುವ ಅಹಂಕಾರವು ದಿನದಿನಕ್ಕೂ ಒಪ್ಪಿಸಿಕೊಳ್ಳಬೇಕಾಗಿ ನಿಲ್ಲುತ್ತದೆ.

ಇವರ ಬಾಳಿನಲ್ಲಿ ಅತ್ಯಂತ ಕಠಿನವಾದ ಸಂದರ್ಭವು ಕೊನೆಗೆ ಬಂದಿತು. ಇವರನ್ನು ಪ್ಯಾರಿಸ್ಸಿನ ಗುರುಕುಲಕ್ಕೆ ನಿರ್ದೇಶಕರನ್ನಾಗಿ ಕರೆಸಿಕೊಳ್ಳಲಾಯಿತು. 1823ನೆಯ ಜನವರಿ 15ರಂದು ಭಾರತವನ್ನು ಬಿಟ್ಟರು. ಪ್ರಯಾಣದ ವೆಚ್ಚವನ್ನೂ ವಿಶ್ರಾಂತಿವೇತನವನ್ನೂ ಕಂಪೆನಿಯು ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಇವರ ಪತ್ರಗಳು ಗ್ರಂಥರೂಪವಾಗಿ ಹೊರಬಂದವು. ಧರ್ಮಪ್ರಚಾರದ ಉತ್ಸಾಹವು ಇಂಗ್ಲೆಂಡಿನಲ್ಲಿ ಉಕ್ಕುತ್ತಿದ್ದ ಕಾಲವದು. ಅಲ್ಲಿನವರು ಜಯದ ವಾರ್ತೆಯನ್ನು ಎದುರುನೋಡುತ್ತಿದ್ದರು. ದುಬ್ವಾ ಅವರು ಕೊಟ್ಟದ್ದು ಸೋಲಿನ ವಾರ್ತೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ದೇಶೀಯ ಸಹಾಯಕನೊಬ್ಬನೊಡನೆ ಸೇರಿ, ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರರಿಂದ ಮುನ್ನೂರು ಮಂದಿಯೆಂದೂ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಅಂತ್ಯಜರು ಮತ್ತು ಭಿಕ್ಷುಕರೆಂದೂ, ಹಿಂದೂಗಳನ್ನು ಮತಾಂತರಿಸುವ ಕಾಲವು ಮುಗಿದುಹೋಯಿತೆಂದೂ ಅವರು ಬಹಿರಂಗವಾಗಿ ಬರೆದರು.

ಈ ಮಾತಿಗೆ ಸ್ವಧರ್ಮೀಯರಲ್ಲಿಯೇ ವಿರೋಧವು ಎದ್ದಿತು. ಜೇಮ್ಸ್ ಹೌ ಎಂಬ ಇಂಗ್ಲಿಷ್ ಪಾದ್ರಿಯು 1824ರಲ್ಲಿ ಖಂಡನಗ್ರಂಥವನ್ನೇ ಪ್ರಕಟಿಸಿದನು. ಆದರೆ ಅದೇ ಪತ್ರಗಳಲ್ಲಿ ಮತ್ತೊಂದು ಸಂಗತಿಯು ಉಂಟು. ಹಿಂದೂ ಸ್ತ್ರೀಪುರುಷರ ಶೀಲವನ್ನು ಪಾದ್ರಿಯೊಬ್ಬನು ಕೀಳಾಗಿ ಚಿತ್ರಿಸಿದ್ದುದನ್ನು ದುಬ್ವಾ ಅವರು ಎದುರಿಸಿ, ಈ ದೇಶದ ಗೃಹಸ್ಥರ ಸಂಸಾರಧರ್ಮವನ್ನೂ ಹೆಂಗಸರ ಮರ್ಯಾದೆಯನ್ನೂ ಎತ್ತಿಹಿಡಿದರು. ತಮ್ಮ ಮತಕ್ಕೆ ಬಾರದೆ ಹೋದವರನ್ನು ನಿಂದಿಸಿ ಸೋಲಿನ ಹೊಣೆಯನ್ನು ಅವರ ಮೇಲೆ ಹೊರಿಸುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮನ್ನು ನಿರಾಕರಿಸಿದವರ ಪರವಾಗಿ, ತಮ್ಮವರ ಎದುರಿಗೇ ನಿಂತು ಸಾಕ್ಷಿ ನುಡಿದರು. ಪ್ರೇಮಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯು ಇನ್ನಾವುದು?

ಪ್ಯಾರಿಸ್ಸಿನಲ್ಲಿ ಇವರು ಇನ್ನೂ ಇಪ್ಪತ್ತೈದು ವರ್ಷ ಬಾಳಿದರು. ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿ 1826ರಲ್ಲಿ ಅಚ್ಚು ಹಾಕಿಸಿದರು. 1836ರಿಂದ 1839ರ ವರೆಗೆ ಸಂಘದ ಗುರುಕುಲಕ್ಕೆ ಮುಖ್ಯಾಧಿಕಾರಿಗಳಾಗಿದ್ದು, ಪೂರ್ವದೇಶಗಳಿಗೆ ಹೊರಡುವ ತರುಣ ಪುರೋಹಿತರನ್ನು ಸಿದ್ಧಗೊಳಿಸಿದರು. ತಮ್ಮ ದುಡಿಮೆಗೆ ಫಲವು ದೊರೆಯಲಿಲ್ಲವೆಂದು ಲೋಕಕ್ಕೆ ಸಾರಿದವರು ಅದೇ ದುಡಿಮೆಗೆ ಕಿರಿಯರನ್ನು ಅಣಿಗೊಳಿಸುತ್ತ ಕುಳಿತರು. ಇದು ವಿರೋಧದಂತೆ ತೋರಬಹುದು. ವಿಚಾರಿಸಿ ನೋಡಿದರೆ ವಿರೋಧವಿಲ್ಲ. ಫಲಕ್ಕಾಗಿ ಬಂದವನು ಫಲವಿಲ್ಲದಿದ್ದಾಗ ಕೆಲಸವನ್ನೇ ಬಿಡುವನು. ಒಲವಿನಿಂದ ಬಂದವನಿಗೆ ಫಲವು ಒಡೆಯನದು, ಕೆಲಸವು ತನ್ನದು. 1848ನೆಯ ಫೆಬ್ರವರಿ 17ರಂದು ಅವರು ದೇಹವನ್ನು ಬಿಟ್ಟರು. ಅದಾದ ಐದಾರು ದಿನಗಳಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿಯು ಎದ್ದಿತು. ಒಂದು ಕ್ರಾಂತಿಯ ನಡುವೆ ತಾಯ್ನಾಡನ್ನು ಬಿಟ್ಟವರು ಇನ್ನೊಂದರ ಹೊಸ್ತಿಲಲ್ಲಿ ಲೋಕವನ್ನೇ ಬಿಟ್ಟರು.

ಬ್ಲಾಕ್‌ಪಳ್ಳಿಯ ಆ ಚಿಕ್ಕ ಗುಡಿಯು ಅಲ್ಲಿಗೆ ಅಳಿಯಲಿಲ್ಲ. ಪಾದ್ರಿ ಕ್ಲೈನರ್ ಅವರ ಕಾಲದಲ್ಲಿ, 1875ರಿಂದ 1882ರ ವರೆಗೆ, ಅದರ ಸ್ಥಾನದಲ್ಲಿ ಎತ್ತರವಾದ ಶಿಖರವುಳ್ಳ ಮಹಾಮಂದಿರವು ಎದ್ದಿತು; 1882ನೆಯ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆಯಾಯಿತು. 1973ರಲ್ಲಿ ಪೋಪರು ಅದಕ್ಕೆ ಬೆಸಿಲಿಕಾ ಎಂಬ ಬಿರುದನ್ನು ಕೊಟ್ಟರು. ಪ್ರತಿವರ್ಷವೂ ಸೆಪ್ಟೆಂಬರ್ 8ರಂದು ಮುಗಿಯುವ ಮಾತೆಯ ಉತ್ಸವದಲ್ಲಿ, ಸೀರೆಯುಟ್ಟ ಮರಿಯಮ್ಮನ ರಥವು ಶಿವಾಜಿನಗರದ ಬೀದಿಗಳಲ್ಲಿ ಸಾಗುವಾಗ, ಕ್ರೈಸ್ತರೊಡನೆ ಹಿಂದೂಗಳೂ ಮುಸಲ್ಮಾನರೂ ಸಾವಿರಗಟ್ಟಲೆಯಾಗಿ ನಿಂತು ಕೈಮುಗಿಯುತ್ತಾರೆ. ಮೇಣದ ಬತ್ತಿಯನ್ನು ಹಚ್ಚುತ್ತಾರೆ. ರೋಗಿಗಳಾದ ಮಕ್ಕಳನ್ನು ತಂದು ಹರಕೆ ಹೊರುತ್ತಾರೆ. ಇವರಲ್ಲಿ ಬಹುಮಂದಿಗೆ ದುಬ್ವಾ ಎಂಬ ಹೆಸರೇ ತಿಳಿಯದು. ಮತಾಂತರದ ಲೆಕ್ಕದಲ್ಲಿ ಮುನ್ನೂರನ್ನು ದಾಟದವರು ಇಟ್ಟ ತಳಪಾಯದ ಮೇಲೆ, ಮತವನ್ನು ಬದಲಿಸದೆಯೇ ಬಂದು ತಲೆಬಾಗುವವರ ಲೆಕ್ಕವನ್ನು ಇಟ್ಟವರಿಲ್ಲ.

ಅಬ್ಬೆ ದುಬ್ವಾ ಅವರು ಸಿದ್ಧಪುರುಷರಾಗಿರಲಿಲ್ಲ, ದೋಷಗಳುಳ್ಳ ಮನುಷ್ಯರಾಗಿದ್ದರು. ಅವರ ಸಿದ್ಧಾಂತವು ನಮ್ಮದಲ್ಲ. ಅವರ ಅಭಿಪ್ರಾಯಗಳಲ್ಲಿ ಒಪ್ಪತಕ್ಕವೂ ಉಂಟು, ಒಪ್ಪಲಾಗದವೂ ಉಂಟು. ಆದರೆ ಎಳೆಯ ಪ್ರಾಯದಲ್ಲಿ ಒಮ್ಮೆ ಕೊಟ್ಟ ಬಾಳನ್ನು ಸೋಲಿನಲ್ಲಿಯೂ ಮರಳಿ ಕೇಳದ ನಿಷ್ಠೆಯು ಎಲ್ಲ ಧರ್ಮದವರಿಗೂ ವಂದ್ಯವಾದುದು. ಅರ್ಪಿಸಿದ ಹೂವು ಬಾಡಿತೆಂದು ಭಕ್ತನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಪಿಸುವವರೆಗೆ ಮಾತ್ರ ಅದು ಅವನದು.